ಹಗೇವು ತುಂಬಿದ್ದರೂ ಹಸಿವು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ – ಬಳ್ಳಾರಿ ಸೀಮೆಯ ಪಡುವಣ ಭಾಗದ ಈ ಊರುಗಳ ಸುತ್ತಲಿನ ಹಳೆಯ ರೈತ ಮನೆತನಗಳಿಗೆ ಹಗೇವು ಎಂಬುದು ಹೊಸ ಮಾತಲ್ಲ. ನೆಲವನ್ನು ಆಳಕ್ಕೆ ಅಗೆದು, ಒಳಮೈಗೆ ಒಣಹುಲ್ಲು ಕೊಟ್ಟು, ಜೋಳ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣೆಳೆದರೆ ಕಾಳು ವರ್ಷಗಳ ಕಾಲ ಉಳಿಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ಹಗೇವಿನ ಬಾಯಿ ತೆರೆಯುತ್ತಿದ್ದರು. ಹಗೇವಿನಲ್ಲಿ ಕಾಳಿದೆ ಎಂಬುದೇ ಮನೆಗೊಂದು ಧೈರ್ಯವಾಗಿತ್ತು.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಹಗೇವು ಬಾಯಿತನಕ ತುಂಬಿದೆ, ಆದರೆ ಅದರ ಚಪ್ಪಡಿ ಏಳುತ್ತಿಲ್ಲ. ಕೆಳಗೆ ಜೋಳ, ಮೇಲೆ ಹಸಿದ ಮಕ್ಕಳು. ಮನೆಯವರು ಮೊದಲು ಬಿತ್ತನೆಯ ಬೀಜ ತಿಂದು ಮುಗಿಸುತ್ತಾರೆ. ಆಮೇಲೆ ಎತ್ತುಗಳನ್ನು ಮಾರುತ್ತಾರೆ. ಕಡೆಗೆ ಮನೆಯ ತೊಲೆ ಜಂತಿಗಳನ್ನೇ ಕಿತ್ತು ಮಾರುತ್ತಾರೆ. ಮನೆ ಕುಸಿಯುವ ದಿನವೂ ಹಗೇವು ತುಂಬಿಯೇ ಇರುತ್ತದೆ.

ಮನುಷ್ಯನ ದೇಹದಲ್ಲಿ ಹೀಗೆ ಆಗುವ ಒಂದು ಸ್ಥಿತಿ ಉಂಟು. ಅದನ್ನು ವೈದ್ಯರು ಡಯಾಬಿಟಿಕ್ ಕೀಟೋಅಸಿಡೋಸಿಸ್ ಎನ್ನುತ್ತಾರೆ. ಸಕ್ಕರೆ ಕಾಯಿಲೆಯಲ್ಲಿ ಕೀಟೋನ್ ಎಂಬ ಪದಾರ್ಥಗಳು ಮಿತಿಮೀರಿ ಸೇರಿ ರಕ್ತ ಆಮ್ಲಮಯವಾಗುವುದು ಎಂಬುದು ಇದರ ಅರ್ಥ. ಚಿಕಿತ್ಸೆ ದೊರೆಯದಿದ್ದರೆ ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಗಂಟೆಗಳಲ್ಲಿ, ಜೀವ ತೆಗೆಯುತ್ತದೆ. ಸಕಾಲಕ್ಕೆ ದೊರೆತರೆ ಬಹುಪಾಲು ಎಲ್ಲರೂ ಬದುಕುತ್ತಾರೆ. ಔಷಧ ದೊರೆತು ನೂರು ವರ್ಷ ದಾಟಿದ ಮೇಲೂ ಈ ಕಾಯಿಲೆಯಿಂದ ಮಕ್ಕಳು ಸಾಯುತ್ತಿದ್ದರೆ ಅದಕ್ಕೆ ಮುಖ್ಯ ಕಾರಣ, ಅದು ಬಂದಾಗ ಇದೇ ಎಂದು ಯಾರೂ ಗುರುತಿಸದಿರುವುದು.

ಬರದ ಮೈ, ಕಾಯಿಲೆಯ ಮೈ

ಹಸಿವೆಯ ವಿಷಯದಲ್ಲಿ ಈ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1876ರಿಂದ 1878ರವರೆಗಿನ ಮಹಾ ಬರದಲ್ಲಿ ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ತೀವ್ರವಾಗಿ ನಲುಗಿತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಇಳಿದುಹೋಯಿತು.

ಅನ್ನವಿಲ್ಲದ ದೇಹ ಹೇಗೆ ಬದುಕುತ್ತದೆ? ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚುಕಡಿಮೆ ಒಂದು ದಿನಕ್ಕೆ ಸಾಕಾಗುತ್ತದೆ. ಅದು ಮುಗಿದ ಮೇಲೆ ದೇಹ ತನ್ನ ಕೊಬ್ಬನ್ನು ಕರಗಿಸುತ್ತದೆ. ಆ ಕೊಬ್ಬಿನಿಂದ ಯಕೃತ್ತು ಕೀಟೋನ್‌ಗಳನ್ನು ತಯಾರಿಸುತ್ತದೆ. ಮಿದುಳು, ಹೃದಯ, ಸ್ನಾಯುಗಳು ಅವನ್ನೇ ಉರುವಲಾಗಿ ಬಳಸಿಕೊಂಡು ದಿನ ನೂಕುತ್ತವೆ. ಕೀಟೋನ್‌ಗಳಲ್ಲಿ ಎರಡು ಆಮ್ಲಗಳು. ಅವು ಹೆಚ್ಚಾದರೆ ಅಪಾಯ. ಆದರೆ ಹಸಿದ ದೇಹವೂ ಕೊಂಚ ಇನ್ಸುಲಿನ್ನನ್ನು ಒಸರಿಸುತ್ತಲೇ ಇರುತ್ತದೆ. ಆ ಅಲ್ಪ ಇನ್ಸುಲಿನ್ನೇ ಕೊಬ್ಬು ಕರಗುವ ವೇಗಕ್ಕೆ ಲಗಾಮು ಹಾಕುತ್ತದೆ.

ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಬತ್ತಿಹೋದಾಗ ಆ ಲಗಾಮು ಕಳಚುತ್ತದೆ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ, ಆದರೆ ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳ ಬಾಗಿಲು ತೆರೆಯುವ ಇನ್ಸುಲಿನ್ ಇಲ್ಲ. ಹೊರಗೆ ಸಕ್ಕರೆಯ ಪ್ರವಾಹ, ಒಳಗೆ ಉಪವಾಸ. ಮೈಯಲ್ಲಿ ಬರ ಬಿದ್ದಿದೆ ಎಂದು ಯಕೃತ್ತು ಇನ್ನಷ್ಟು ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಕೊಬ್ಬು ಅಂಕೆಯಿಲ್ಲದೆ ಕರಗಿ ಆಮ್ಲ ಏರುತ್ತದೆ. ಮಿತಿಮೀರಿದ ಸಕ್ಕರೆಯನ್ನು ಮೂತ್ರಪಿಂಡಗಳು ಹೊರಹಾಕುವಾಗ ಅದರೊಡನೆ ನೀರೂ ಲವಣಗಳೂ ಹೋಗುತ್ತವೆ. ವಯಸ್ಕರೊಬ್ಬರು ಈ ಸ್ಥಿತಿಯಲ್ಲಿ ಐದಾರು ಲೀಟರ್ ನೀರು ಕಳೆದುಕೊಂಡಿರುವುದು ಸಾಮಾನ್ಯ.

ಇರುವೆ ಕಂಡ ಕಾಯಿಲೆ

ಇದರ ಒಂದೊಂದು ಲಕ್ಷಣವನ್ನು ಒಂದೊಂದು ಕಾಲದವರು ಕಂಡರು. ಮೊದಲು ಕಂಡದ್ದು ಸಿಹಿಯನ್ನು. ಆಯುರ್ವೇದ ಗ್ರಂಥಗಳು ಪ್ರಮೇಹದಲ್ಲಿ 20 ಬಗೆಗಳನ್ನು ಎಣಿಸಿ, ಅವುಗಳಲ್ಲೊಂದನ್ನು ಮಧುಮೇಹ, ಅಂದರೆ ಜೇನಿನಂಥ ಮೂತ್ರದ ಕಾಯಿಲೆ ಎಂದು ಹೆಸರಿಸಿದವು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕಸಂಹಿತೆ ಮುನ್ಸೂಚನೆಯಾಗಿ ಹೇಳುತ್ತದೆ. ಸುಶ್ರುತಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರಮೇಹವನ್ನು ಎರಡಾಗಿ ವಿಂಗಡಿಸುತ್ತದೆ: ಹುಟ್ಟಿನಿಂದಲೇ ಬಂದ ಸಹಜ, ತಪ್ಪು ಆಹಾರವಿಹಾರದಿಂದ ಬಂದ ಅಪಥ್ಯನಿಮಿತ್ತ. ಮೊದಲನೆಯದರ ರೋಗಿ ಕೃಶ, ಬಾಯಾರಿಕೆಯುಳ್ಳವನು. ಎರಡನೆಯವನು ಸ್ಥೂಲ. ಕೃಶನಿಗೆ ಪುಷ್ಟಿ ನೀಡಬೇಕು, ಸ್ಥೂಲನನ್ನು ಇಳಿಸಬೇಕು ಎಂಬುದು ಅಲ್ಲಿನ ಚಿಕಿತ್ಸಾಕ್ರಮ. ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುವ ಸಕ್ಕರೆ ಕಾಯಿಲೆ, ಸ್ಪಂದಿಸದ ಸಕ್ಕರೆ ಕಾಯಿಲೆ ಎಂಬ ಎರಡು ಬಗೆಗಳನ್ನು ಇಂಗ್ಲೆಂಡಿನ ಹೆರಾಲ್ಡ್ ಹಿಮ್ಸ್‌ವರ್ತ್ ಪ್ರಯೋಗದಿಂದ ತೋರಿಸಿದ್ದು 1936ರಲ್ಲಿ.

ಸುಮಾರು ಎರಡನೆಯ ಶತಮಾನದಲ್ಲಿ, ಇಂದಿನ ಟರ್ಕಿಯಲ್ಲಿರುವ ಕಪಡೋಸಿಯದ ಗ್ರೀಕ್ ವೈದ್ಯ ಅರಿಟೀಯಸ್ ಈ ರೋಗಿಗಳ ತೀರದ ದಾಹವನ್ನು, ಮಾಂಸಖಂಡಗಳೇ ಕರಗಿ ಮೂತ್ರವಾಗಿ ಹರಿದುಹೋಗುವಂತೆ ತೋರುವ ಸವೆತವನ್ನು ವರ್ಣಿಸಿದ. ಯೂರೋಪಿನಲ್ಲಿ ಮೂತ್ರದ ಸಿಹಿಯನ್ನು ಗುರುತಿಸಿದವನು ಹದಿನೇಳನೆಯ ಶತಮಾನದ ಥಾಮಸ್ ವಿಲ್ಲಿಸ್. 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಆವಿ ಮಾಡಿ, ತಳದಲ್ಲಿ ಉಳಿದ ಪದಾರ್ಥ ಸಕ್ಕರೆಯೇ ಎಂದು ತೋರಿಸಿದ. ರಕ್ತವೂ ಸಿಹಿಯಾಗಿರುತ್ತದೆ ಎಂಬುದನ್ನೂ ಆತ ಕಂಡುಕೊಂಡ.

ಉಸಿರು ಹೇಳಿದ ಸುದ್ದಿ

ಆದರೆ ಈ ರೋಗಿಗಳು ಕಡೆಯ ದಿನಗಳಲ್ಲಿ ಹಠಾತ್ತನೆ ಮಂಕಾಗಿ, ಪ್ರಜ್ಞೆ ತಪ್ಪಿ ಸಾಯುತ್ತಿದ್ದುದೇಕೆ? ಸಕ್ಕರೆಯೊಂದರಿಂದಲೇ ಅದನ್ನು ವಿವರಿಸಲು ಆಗುತ್ತಿರಲಿಲ್ಲ. 1857ರಲ್ಲಿ ಪ್ರಾಗ್ ನಗರದ ವಿಲ್ಹೆಲ್ಮ್ ಪೆಟರ್ಸ್ ಇಂಥ ರೋಗಿಯ ಮೂತ್ರದಲ್ಲಿ ಅಸಿಟೋನ್ ಎಂಬ ದ್ರವವನ್ನು ಪತ್ತೆಮಾಡಿದ. ಉಗುರಿನ ಬಣ್ಣ ಅಳಿಸುವ ದ್ರವದಲ್ಲಿರುವ ಅದೇ ಘಾಟು, ರೋಗಿಯ ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆಯಾಗಿ ಬರುತ್ತಿತ್ತು. 1865ರಲ್ಲಿ ಕಾರ್ಲ್ ಗೆರ್‌ಹಾರ್ಟ್ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಕಾಣುವ ಕೆಂಪುಬಣ್ಣವನ್ನು ವರ್ಣಿಸಿದ. ಇಂದು ಮೂತ್ರದ ಕೀಟೋನ್ ನೋಡುವ ಕಾಗದದ ಪಟ್ಟಿಗೆ ಇದೇ ಹಿರಿಯ.

1874ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್‌ಮೌಲ್ ರೋಗಿಗಳ ಉಸಿರಾಟದ ರೀತಿಯತ್ತ ಬೆರಳು ಮಾಡಿದ. ಅವರು ಎದೆ ತುಂಬ ಉಸಿರೆಳೆದು ಬಿಡುತ್ತಿದ್ದರು, ಅದೂ ಒಂದೇ ಸಮನೆ. ಮೈಯಲ್ಲಿ ಕೈಯೆತ್ತುವ ತ್ರಾಣವಿಲ್ಲ, ಉಸಿರು ಮಾತ್ರ ತಿದಿಯಂತೆ ಆಡುತ್ತಿದೆ. ಶ್ವಾಸಕೋಶದಲ್ಲಿ ದೋಷವಿಲ್ಲ, ಗಾಳಿಯ ದಾರಿಗೆ ಅಡ್ಡಿಯಿಲ್ಲ. ಈ ಉಸಿರಾಟಕ್ಕೆ ಇಂದಿಗೂ ಕುಸ್‌ಮೌಲ್ ಉಸಿರಾಟವೆಂದೇ ಹೆಸರು. ಹತ್ತು ವರ್ಷಗಳ ಒಳಗೆ ಇದರ ಒಗಟು ಬಿಡಿಸಿತು. 1880ರ ದಶಕದಲ್ಲಿ ಸ್ಟಾಡೆಲ್‌ಮನ್ ಮತ್ತು ಆಸ್ಕರ್ ಮಿಂಕೋವ್‌ಸ್ಕಿ ನಡೆಸಿದ ಶೋಧನೆಗಳಿಂದ ರೋಗಿಯ ದೇಹದಲ್ಲಿ ಆಮ್ಲ ತುಂಬಿಕೊಳ್ಳುತ್ತದೆ ಎಂಬುದು ಖಚಿತವಾಯಿತು. ರಕ್ತದ ಆಮ್ಲವನ್ನು ಇಳಿಸಲು ದೇಹಕ್ಕೆ ಇರುವ ಒಂದು ಶೀಘ್ರ ಉಪಾಯವೆಂದರೆ ಇಂಗಾಲಾಮ್ಲವನ್ನು ಹೊರಗೆ ಊದುವುದು. ಆ ಆಳದ ಉಸಿರು ದೇಹದ ಕಡೆಯ ಹೋರಾಟ. ಈ ಸ್ಥಿತಿಗೆ ಅಸಿಡೋಸಿಸ್ ಎಂಬ ಹೆಸರಿಟ್ಟವನು ಮಿಂಕೋವ್‌ಸ್ಕಿಯ ಗುರು ಬರ್ನ್‌ಹಾರ್ಡ್ ನೌನಿನ್.

ಬಾಗಿಲು ತೆರೆದ ದಿನ

1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ತಗಲಿತು. ಮೂಲ ಎಲ್ಲಿದೆ ಎಂಬುದು ತಿಳಿದರೂ ಔಷಧಕ್ಕೆ ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು. ಆ ನಡುವೆ ಅಮೆರಿಕದ ಫ್ರೆಡರಿಕ್ ಅಲೆನ್ ಮತ್ತು ಎಲಿಯಟ್ ಜಾಸ್ಲಿನ್ ಅನುಸರಿಸಿದ ಮಾರ್ಗ ಕಠೋರವಾದದ್ದು. ಅನ್ನವೇ ಸಕ್ಕರೆಯಾಗುತ್ತದಾದರೆ ಅನ್ನವನ್ನೇ ಕಡಿಮೆ ಮಾಡುವುದು! ಮಕ್ಕಳು ಎಲುಬಿನ ಗೂಡಾಗಿ ಕೆಲವು ತಿಂಗಳು, ಅಪರೂಪಕ್ಕೆ ಒಂದೆರಡು ವರ್ಷ ಹೆಚ್ಚು ಬದುಕಿದರು. ಕಾಯಿಲೆಯಿಂದ ಸಾಯುವುದನ್ನು ತಪ್ಪಿಸಲು ಬರದಲ್ಲಿ ಬದುಕಿದಂತೆ ಬದುಕಬೇಕಾಗಿತ್ತು.

ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ 1921ರ ಬೇಸಿಗೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಪ್ರಾಧ್ಯಾಪಕ ಮೆಕ್ಲಿಯಡ್ ಅವರ ಪ್ರಯೋಗಾಲಯದಲ್ಲಿ ಗ್ರಂಥಿಯ ಸಾರವನ್ನು ಬೇರ್ಪಡಿಸಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದರ ಮೊದಲ ಚುಚ್ಚುಮದ್ದು ಕೊಟ್ಟರು. ಆಗ ಅವನ ತೂಕ ಸುಮಾರು 30 ಕಿಲೋ. ಸಾರದಲ್ಲಿ ಕಲ್ಮಶವಿದ್ದುದರಿಂದ ಹೆಚ್ಚು ಫಲವಾಗಲಿಲ್ಲ. ರಸಾಯನ ಬಲ್ಲ ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದ ಮೇಲೆ ಜನವರಿ 23ರಂದು ಮತ್ತೆ ಕೊಟ್ಟರು. ಈ ಬಾರಿ ಮೂತ್ರದ ಸಕ್ಕರೆ ಇಳಿಯಿತು, ಕೀಟೋನ್‌ಗಳು ಮಾಯವಾದವು. ಹುಡುಗ ಮತ್ತೆ ಹದಿಮೂರು ವರ್ಷ ಬದುಕಿದ. ಇನ್ಸುಲಿನ್ನಿನ ಹಕ್ಕುಪತ್ರವನ್ನು ಸಂಶೋಧಕರು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. 1923ರಲ್ಲಿ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಹಣವನ್ನು ಅವರು ಬೆಸ್ಟ್ ಮತ್ತು ಕಾಲಿಪ್ ಅವರೊಡನೆ ಹಂಚಿಕೊಂಡರು.

ಆ ಹೊತ್ತಿಗೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಸೀಮೆಗೆ ರಾಜಧಾನಿ ಮದರಾಸು. ಅಲ್ಲಿನ ಸ್ಟಾನ್ಲಿ ಆಸ್ಪತ್ರೆಯಲ್ಲಿ ಎಂ. ವಿಶ್ವನಾಥನ್ ಸಕ್ಕರೆ ಕಾಯಿಲೆಗೆಂದೇ ಪ್ರತ್ಯೇಕ ವಿಭಾಗ ತೆರೆದದ್ದು 1948ರಲ್ಲಿ. 1953ರ ಅಕ್ಟೋಬರ್ 1ರಂದು ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಬಳ್ಳಾರಿಯಲ್ಲಿ 1961ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ ವೈದ್ಯಕೀಯ ಕಾಲೇಜುಗಳಾದವು. ಹಂದಿ, ದನಗಳ ಗ್ರಂಥಿಯಿಂದ ತೆಗೆಯುತ್ತಿದ್ದ ಇನ್ಸುಲಿನ್ನಿನ ಕಾಲ ಹೋಗಿ, ಸೂಕ್ಷ್ಮಜೀವಿಗಳಿಂದ ತಯಾರಾಗುವ ಮಾನವ ಇನ್ಸುಲಿನ್ 1982ರಲ್ಲಿ ಬಳಕೆಗೆ ಬಂದಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಅದನ್ನು ಯೀಸ್ಟಿನ ಮೂಲಕ ತಯಾರಿಸಿ ಮಾರುಕಟ್ಟೆಗೆ ತಂದಿತು. ಔಷಧ ಟೊರಾಂಟೊದಿಂದ ನಾಡಿನ ಒಳಕ್ಕೇ ಬಂದಂತಾಯಿತು.

ಇನ್ಸುಲಿನ್ ಬತ್ತುವುದೇಕೆ?

ಮಕ್ಕಳಲ್ಲಿ ಮುಖ್ಯವಾಗಿ ಕಾಣುವ ಒಂದನೆಯ ಬಗೆಯ ಸಕ್ಕರೆ ಕಾಯಿಲೆಯಲ್ಲಿ ದೇಹದ ರಕ್ಷಣಾ ಪಡೆಯೇ ದಾರಿತಪ್ಪಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಇದಕ್ಕೆ ಪುರಾವೆ ದೊರೆತದ್ದು 1974ರಲ್ಲಿ. ಮಗು ಬೆಲ್ಲ ಸಕ್ಕರೆ ಹೆಚ್ಚು ತಿಂದದ್ದರಿಂದ ಇದು ಬರುವುದಿಲ್ಲ. ತಾಯಿ ತಂದೆಯರ ಯಾವ ತಪ್ಪಿನಿಂದಲೂ ಬರುವುದಿಲ್ಲ. ಎಷ್ಟೋ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಇದೆಯೆಂದು ಮೊದಲು ತಿಳಿಯುವುದೇ ಕೀಟೋಅಸಿಡೋಸಿಸ್ ಆದಾಗ.

ಕಾಯಿಲೆ ಇದೆಯೆಂದು ತಿಳಿದವರಲ್ಲಿ ಸಾಮಾನ್ಯ ಕಾರಣಗಳು ಎರಡು: ಇನ್ಸುಲಿನ್ ನಿಲ್ಲಿಸುವುದು, ಸೋಂಕು ತಗಲುವುದು. ಜ್ವರ, ನ್ಯುಮೋನಿಯ, ಮೂತ್ರದ ಸೋಂಕು, ಕಾಲಿನ ಮಾಗದ ಹುಣ್ಣು ಬಂದಾಗ ದೇಹಕ್ಕೆ ಎಂದಿಗಿಂತ ಹೆಚ್ಚು ಇನ್ಸುಲಿನ್ ಬೇಕು. ಆದರೆ ಮಗು ಉಣ್ಣುತ್ತಿಲ್ಲ, ವಾಂತಿ ಮಾಡುತ್ತಿದೆ ಎಂದು ಮನೆಯವರು ಅಂದೇ ಚುಚ್ಚುಮದ್ದು ಬಿಡುತ್ತಾರೆ. ಇದು ಪ್ರೀತಿಯಿಂದ ಆಗುವ ತಪ್ಪು, ಅತ್ಯಂತ ಅಪಾಯದ ತಪ್ಪೂ ಹೌದು. ಊಟವಿಲ್ಲದ ದಿನವೂ ಇನ್ಸುಲಿನ್ನನ್ನು ಪೂರ್ತಿ ನಿಲ್ಲಿಸಬಾರದು. ಪ್ರಮಾಣವನ್ನು ವೈದ್ಯರನ್ನು ಕೇಳಿ ಹೊಂದಿಸಿಕೊಳ್ಳಬೇಕು. ಚುಚ್ಚುಮದ್ದು ಚಟವಾಗುತ್ತದೆಂಬ ಹೆದರಿಕೆ, ಬೇರಿನ ಔಷಧದಿಂದ ಬೇರುಸಹಿತ ಹೋಗುತ್ತದೆಂಬ ಭರವಸೆ, ವ್ರತ, ಬಡತನ ಇವೂ ಚುಚ್ಚುಮದ್ದು ತಪ್ಪಿಸುತ್ತವೆ. ಹೃದಯಾಘಾತ, ಅತಿಯಾದ ಕುಡಿತ, ಗರ್ಭಾವಸ್ಥೆಗಳಲ್ಲೂ ಎಚ್ಚರ ಬೇಕು. ಎರಡನೆಯ ಬಗೆಯ ಕಾಯಿಲೆಯ ವಯಸ್ಕರಿಗೂ ಇದು ಬರಬಹುದು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ, ಎಸ್‌ಜಿಎಲ್‌ಟಿ–2 ಗುಂಪಿನ ಈಚಿನ ಮಾತ್ರೆಗಳನ್ನು ನುಂಗುವವರಲ್ಲಿ ರಕ್ತದ ಸಕ್ಕರೆ ಅಷ್ಟಾಗಿ ಏರದೆಯೂ ಆಮ್ಲ ಏರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಎಚ್ಚರಿಸಿತು.

ಈ ಐದು ತಾಲ್ಲೂಕುಗಳ ಬದುಕಿನಲ್ಲಿ ಇನ್ನೆರಡು ಸಂಗತಿಗಳನ್ನು ಸೇರಿಸಿ ಯೋಚಿಸಬೇಕು. ಒಂದು ಬಿಸಿಲು. ಇನ್ಸುಲಿನ್ ಕಾವು ತಾಳದು. ನಲವತ್ತು ಡಿಗ್ರಿ ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ ಇಟ್ಟ ಸೀಸೆ ನೋಡಲು ಹಾಗೆಯೇ ಇದ್ದರೂ ಸತ್ವ ಕಳೆದುಕೊಳ್ಳುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಒದ್ದೆ ಮರಳು ತುಂಬಿದ ಮಣ್ಣಿನ ಗಡಿಗೆಯಲ್ಲಿ, ಸೀಸೆಗೆ ನೀರು ತಾಗದಂತೆ, ನೆರಳಿನಲ್ಲಿ ಇಡುವುದು ಸುಲಭವಾದ ಉಪಾಯ. ಇನ್ನೊಂದು ಗುಳೆ. ಮಳೆಯಿಲ್ಲದ ವರ್ಷ ಕುಟುಂಬಗಳು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಗಳಿಗೆ ಹೊರಡುತ್ತವೆ. ಹೊಸ ಊರಿನಲ್ಲಿ ಹಳೆಯ ಚೀಟಿಯಿರುವುದಿಲ್ಲ, ಗೊತ್ತಿರುವ ವೈದ್ಯರಿರುವುದಿಲ್ಲ. ಇನ್ಸುಲಿನ್ ಸರಪಳಿ ಕಡಿದುಬೀಳುವುದು ಇಂಥಲ್ಲಿ.

ಲಕ್ಷಣಗಳ ಹಾದಿ

ಕಾಯಿಲೆ ಹೇಳದೆ ಬರುವುದಿಲ್ಲ. ಮೊದಲ ಕೆಲವು ದಿನ ಅಥವಾ ವಾರಗಳಲ್ಲಿ ಮಗು ಬಿಂದಿಗೆಗಟ್ಟಲೆ ನೀರು ಕೇಳುತ್ತದೆ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತದೆ. ಹಾಸಿಗೆ ಒದ್ದೆಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡತೊಡಗುತ್ತದೆ. ಉಂಡರೂ ಮೈ ಇಳಿಯುತ್ತದೆ. ಮೂತ್ರ ಮಾಡಿದಲ್ಲಿ ಇರುವೆ ಕಾಣಬಹುದು. ಅನಂತರ ಒಂದೆರಡು ದಿನಗಳಲ್ಲೇ ವಾಂತಿ, ಹೊಟ್ಟೆನೋವು, ಒಣಗಿದ ನಾಲಗೆ, ಗುಳಿಬಿದ್ದ ಕಣ್ಣು, ಆಳದ ಉಸಿರು, ಬಾಯಿಂದ ಹಣ್ಣಿನ ವಾಸನೆ, ಮಂಪರು. ಕೊನೆಗೆ ಪ್ರಜ್ಞೆ ತಪ್ಪುವುದು.

ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೊಂದು ಹೆಸರು ಸಿದ್ಧವಾಗಿದೆ. ವಾಂತಿಗೆ ಅಜೀರ್ಣ, ಹೊಟ್ಟೆನೋವಿಗೆ ಅಪೆಂಡಿಕ್ಸ್, ಉಸಿರಿಗೆ ದಮ್ಮು ಅಥವಾ ನ್ಯುಮೋನಿಯ, ಮಂಪರಿಗೆ ಗಾಳಿ ಸೋಂಕು, ದೊಡ್ಡವರಾದರೆ ಬಾಯಿ ವಾಸನೆಗೆ ಕುಡಿತ. ಕರ್ನಾಟಕದಲ್ಲಿ 13 ವರ್ಷ ಸಂಗ್ರಹಿಸಿದ ದಾಖಲೆಯೊಂದರ ಪ್ರಕಾರ ಮಕ್ಕಳಲ್ಲಿ ಒಂದನೆಯ ಬಗೆಯ ಸಕ್ಕರೆ ಕಾಯಿಲೆ ವರ್ಷಕ್ಕೆ ಲಕ್ಷಕ್ಕೆ ಸುಮಾರು ನಾಲ್ವರಲ್ಲಿ ಹೊಸದಾಗಿ ಕಾಣಿಸುತ್ತದೆ. ಹಾಗಾದರೆ ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ ಬೆರಳೆಣಿಕೆಯ ಮಕ್ಕಳು. ಹಳ್ಳಿಯ ವೈದ್ಯರು ಇಂಥ ಮಗುವನ್ನು ವರ್ಷಗಟ್ಟಲೆ ನೋಡದೆಯೇ ಇರಬಹುದು, ವಾಂತಿಭೇದಿಯ ಮಕ್ಕಳನ್ನಾದರೋ ನಿತ್ಯ ನೋಡುತ್ತಾರೆ. ಕಾಯಿಲೆ ತಪ್ಪಿಸಿಕೊಳ್ಳುವುದು ಇದರಿಂದಲೇ.

ಬೇರ್ಪಡಿಸಲು ಒಂದು ಸರಳ ಗುರುತಿದೆ. ವಾಂತಿಭೇದಿಯಿಂದ ನೀರು ಬತ್ತಿದ ಮಗುವಿಗೆ ಮೂತ್ರ ಕಡಿಮೆಯಾಗುತ್ತದೆ. ಇಲ್ಲಿ ಮೈ ಒಣಗಿದ್ದರೂ ಮೂತ್ರ ಧಾರಾಳವಾಗಿ ಹೋಗುತ್ತಲೇ ಇರುತ್ತದೆ. ಅಂಥ ಮಗುವಿಗೆ ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಸಕ್ಕರೆ, ಒಂದು ಪಟ್ಟಿಯಲ್ಲಿ ಮೂತ್ರದ ಕೀಟೋನ್ ನೋಡಲು ಐದು ನಿಮಿಷ ಸಾಕು. ಅದನ್ನು ನೋಡದೆ, ಸುಸ್ತೆಂದು ಗ್ಲೂಕೋಸ್ ಬಾಟಲಿ ಏರಿಸುವ ವಾಡಿಕೆ ಉರಿಗೆ ಎಣ್ಣೆ ಸುರಿದಂತೆ.

ಚಿಕಿತ್ಸೆ ಆಸ್ಪತ್ರೆಯಲ್ಲೇ ಆಗಬೇಕು. ಮೊದಲು ರಕ್ತನಾಳಕ್ಕೆ ಉಪ್ಪುನೀರಿನ ದ್ರಾವಣ, ಅನಂತರ ಸಣ್ಣ ಪ್ರಮಾಣದಲ್ಲಿ ಸತತವಾಗಿ ಇನ್ಸುಲಿನ್, ಜೊತೆಗೆ ಪೊಟ್ಯಾಸಿಯಂ. ಇನ್ಸುಲಿನ್ ಕೆಲಸ ಮಾಡತೊಡಗಿದಾಗ ರಕ್ತದ ಪೊಟ್ಯಾಸಿಯಂ ಜೀವಕೋಶಗಳ ಒಳಕ್ಕೆ ಸರಿಯುವುದರಿಂದ ಅದರ ಮೇಲೆ ಕಣ್ಣಿಡದಿದ್ದರೆ ಹೃದಯದ ಬಡಿತವೇ ತಪ್ಪಬಹುದು. ಮಕ್ಕಳಲ್ಲಿ ಮಿದುಳು ಊದಿಕೊಳ್ಳುವ ಭಯವಿರುವುದರಿಂದ ನೀರನ್ನೂ ಲೆಕ್ಕವಿಟ್ಟು ಕೊಡಬೇಕು. ಹಿಂದೆ ಇನ್ಸುಲಿನ್ನನ್ನು ಭಾರಿ ಪ್ರಮಾಣದಲ್ಲಿ ಕೊಡುತ್ತಿದ್ದರು. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ವೈದ್ಯರು ಅಲ್ಪ ಪ್ರಮಾಣವೇ ಸಾಕೆಂದು ತೋರಿಸಿದ ಮೇಲೆ ಚಿಕಿತ್ಸೆ ಹೆಚ್ಚು ಸುರಕ್ಷಿತವಾಯಿತು. ಒಳ್ಳೆಯ ವ್ಯವಸ್ಥೆಯಿರುವಲ್ಲಿ ಇಂದು ಇದರಿಂದ ಸಾಯುವ ವಯಸ್ಕರು ನೂರಕ್ಕೆ ಒಬ್ಬರಿಗಿಂತ ಕಡಿಮೆ.

2021ರಲ್ಲಿ ಈ ಐದು ತಾಲ್ಲೂಕುಗಳು ಹೊಸಪೇಟೆಯೊಡನೆ ಸೇರಿ ವಿಜಯನಗರ ಜಿಲ್ಲೆಯಾದವು. ಆದರೂ ಹಡಗಲಿಯ ಹಳ್ಳಿಯಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿ. ಹರಪನಹಳ್ಳಿಯವರಿಗೆ ದಾವಣಗೆರೆಯೇ ಹತ್ತಿರ. 2008ರ ನವೆಂಬರ್ 1ರಿಂದ 108 ವಾಹನ ಓಡಾಡುತ್ತಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸಕ್ಕರೆ, ಕೀಟೋನ್ ನೋಡಿ ಉಪ್ಪುನೀರಿನ ದ್ರಾವಣ ಆರಂಭಿಸಿ ಕಳಿಸಿದರೆ ಆ ಹಾದಿಯನ್ನು ಮಗು ದಾಟುತ್ತದೆ. ಆದರೆ ವಾಹನವನ್ನು ಕರೆಯುವ ಮೊದಲು ಮನೆಯಲ್ಲಿ ಯಾರಾದರೊಬ್ಬರಿಗೆ ಅನುಮಾನ ಹುಟ್ಟಬೇಕು. ಇರುವೆ, ದಾಹ, ಸವೆತ, ವಾಸನೆ, ಉಸಿರು – ಇವನ್ನು ಒಂದೊಂದಾಗಿ ಕಂಡುಕೊಳ್ಳಲು ವೈದ್ಯಲೋಕಕ್ಕೆ ಎರಡು ಸಾವಿರ ವರ್ಷ ಹಿಡಿಯಿತು. ಒಂದು ಮನೆಯ ತಾಯಿಗೋ, ಅಜ್ಜಿಗೋ, ಶಾಲೆಯ ಮಾಸ್ತರರಿಗೋ, ಆಶಾ ಕಾರ್ಯಕರ್ತೆಗೋ ಇವೆಲ್ಲ ಒಂದೇ ವಾರದಲ್ಲಿ ಕಣ್ಣೆದುರಿಗೆ ಬರುತ್ತವೆ. ಮೊದಲ ಮೂರು ಕಂಡಾಗಲೇ ಮಗುವನ್ನು ಆಸ್ಪತ್ರೆಗೆ ಕರೆದೊಯ್ದರೆ ಉಳಿದೆರಡನ್ನು ಕಾಣುವ ಪ್ರಸಂಗವೇ ಬಾರದು.